ಕರಿಚೇಳು, ಕೆಂಪು ಚೇಳು ಮತ್ತು ನಾವು



ಸಾಹಿತ್ಯದ ಪತ್ರದಲ್ಲಿ ಚೇಳಿಗೇನು ಕೆಲಸ ಎಂದು ಹುಬ್ಬೇರಿಸಬೇಡಿ. ಕನ್ನಡಿಗರಿಗೂ ಚೇಳಿಗೂ ಹಳೆಯ ನಂಟಿದೆ. ಚೇಳಿಗೆ ಪಾರುಪತ್ಯ ಕೊಟ್ಟವರ ಗಾದೆಯನ್ನು ಕೇಳದೆ ಬೆಳೆದವರು ನಮ್ಮಲ್ಲಿ ಯಾರಿದ್ದಾರೆ? ಕೋಲಾರದ ಕೋಲಾರಮ್ಮನ ಗುಡಿಯಲ್ಲಿ ಚೇಳಮ್ಮನಿಗೂ ಒಂದು ಸನ್ನಿಧಿಯಿದೆ. ಅವಳಿಗೆ ಕಾಣಿಕೆ ಹಾಕಿದವರನ್ನು ಚೇಳು ಕುಟುಕದೆಂಬುದು ಅಲ್ಲಿನ ನಂಬಿಕೆ. ಯಾದಗಿರಿ ಜಿಲ್ಲೆಯ ಕಂದಕೂರಿನಲ್ಲಂತೂ ನಾಗರ ಪಂಚಮಿಯ ದಿನ ಊರಿನವರು ಕೊಂಡಮ್ಮಾಯಿಯ ಬೆಟ್ಟ ಹತ್ತಿ, ಕಲ್ಲು ಸರಿಸಿ, ಚೇಳುಗಳನ್ನು ಹಿಡಿದು ಮೈಮೇಲೆ ಬಿಟ್ಟುಕೊಳ್ಳುತ್ತಾರೆ. ಕುಟುಕಿದರೂ ದೇವಿಯ ಭಂಡಾರ ಹಚ್ಚಿದರೆ ಸಾಕು, ವಿಷ ಏರದು ಎನ್ನುತ್ತಾರೆ.

ಹೀಗೆ ಚೇಳನ್ನು ಕಂಡು ಬೆಳೆದ ನಾವು ಅದರ ಬಗ್ಗೆ ಒಂದಷ್ಟು ತಿಳಿವಳಿಕೆಯನ್ನೂ ಗಂಟು ಕಟ್ಟಿಕೊಂಡೇ ಕೊಲ್ಲಿ ನಾಡಿಗೆ ಬಂದಿದ್ದೇವೆ. ಆ ಗಂಟಿನಲ್ಲಿ ಎರಡು ಮಾತುಗಳು ಮುಖ್ಯ. ಒಂದು, ದೊಡ್ಡ ಕರಿಚೇಳು ನೋಡಲು ಭಯಂಕರ, ವಿಷ ಕಡಿಮೆ. ಸಣ್ಣ ಕೆಂಪು ಚೇಳೇ ಅಪಾಯದ್ದು. ಇನ್ನೊಂದು, ಚೇಳಿನದು ನೋವಿನ ವಿಷ. ನೋವು ಇಳಿದರೆ ವಿಷವೂ ಇಳಿಯಿತು. ಊರಿನಲ್ಲಿ ಮೊದಲನೆಯದು ಬಹುಮಟ್ಟಿಗೆ ನಿಜವೇ. ಆದರೆ ಕುವೈತಿನ ಮರಳಿನಲ್ಲಿ ಅದು ತಲೆಕೆಳಗಾಗುತ್ತದೆ. ಎರಡನೆಯದು ಎಲ್ಲಿಯೂ ಪೂರ್ತಿ ನಿಜವಲ್ಲ. ಈ ಎರಡು ಮಾತುಗಳನ್ನು ನಂಬಿ ಕೂತರೆ ಒಂದು ಮಗುವಿನ ಜೀವಕ್ಕೇ ಕುತ್ತು ಬರಬಹುದು ಎಂಬ ಕಾರಣಕ್ಕೆ ಈ ಲೇಖನ.

ಇಲ್ಲಿನ ಕರಿಚೇಳು

ಅಬ್ಬಾಸಿಯಾ, ಸಾಲ್ಮಿಯಾ, ಮಂಗಾಫ್‌ಗಳ ಬಹುಮಹಡಿ ಮನೆಗಳಲ್ಲಿ ಇರುವ ನಮಗೆ ಚೇಳಿನ ದರ್ಶನ ಅಪರೂಪ. ಆದರೆ ಕುವೈತ್ ಎಂದರೆ ಬರೀ ಪೇಟೆಯಲ್ಲವಲ್ಲ! ದಕ್ಷಿಣದಲ್ಲಿ ವಫ್ರಾ, ಉತ್ತರದಲ್ಲಿ ಇರಾಕ್ ಗಡಿಯ ಅಬ್ದಲಿಯ ತೋಟಗಳಿವೆ. ಜಹ್ರಾದಾಚೆ ಕುರಿ, ಒಂಟೆಗಳ ಹಟ್ಟಿಗಳಿವೆ. ಅಲ್ಲೆಲ್ಲ ದುಡಿಯುವವರಲ್ಲಿ ಭಾರತದವರು ಬಹಳ. ನವೆಂಬರ್ ನಡುವಿನಿಂದ ಮಾರ್ಚ್ ನಡುವಿನವರೆಗೆ ಇಡೀ ದೇಶವೇ ಡೇರೆ ಹೊತ್ತು ಮರುಭೂಮಿಗೆ ಹೊರಡುತ್ತದೆ. ನಮ್ಮ ಕುಟುಂಬಗಳೂ ರಜಾ ದಿನಗಳಲ್ಲಿ ಮಕ್ಕಳೊಡನೆ, ಬಿರಿಯಾನಿ ಪಾತ್ರೆಯೊಡನೆ ಹೋಗುತ್ತವೆ. ಚಳಿಯಲ್ಲಿ ಚೇಳುಗಳು ಬಹುಪಾಲು ಮುದುಡಿಕೊಂಡಿರುತ್ತವೆ ನಿಜ. ಆದರೆ ಮಾರ್ಚ್ ತಿಂಗಳ ಬೆಚ್ಚನೆ ರಾತ್ರಿಗಳಲ್ಲಿ ಅವು ಎಚ್ಚೆತ್ತುಕೊಳ್ಳುತ್ತವೆ, ಬೇಸಿಗೆಯುದ್ದಕ್ಕೂ ಚುರುಕಾಗಿರುತ್ತವೆ. 2016ರ ಜುಲೈ 21ರಂದು ಇಲ್ಲಿನ ಮಿತ್ರಿಬಾದಲ್ಲಿ 53.9 ಡಿಗ್ರಿ ಉಷ್ಣಾಂಶ ದಾಖಲಾಗಿತ್ತು. ಅಂಥ ಹಗಲನ್ನು ಚೇಳು ಕಲ್ಲಿನಡಿ, ಬಿಲದಲ್ಲಿ ಕಳೆದು, ಕತ್ತಲಾದ ಮೇಲೆ ಬೇಟೆಗೆ ಹೊರಡುತ್ತದೆ.

ಕುವೈತಿನಲ್ಲಿ ಕಾಣುವ ಚೇಳುಗಳಲ್ಲಿ ಹೆಚ್ಚು ಹೆದರಬೇಕಾದದ್ದು ಒಂದು ಕರಿಚೇಳಿಗೆ. ವಿಜ್ಞಾನಿಗಳು ಇದನ್ನು ಆಂಡ್ರೋಕ್ಟೋನಸ್ ಕ್ರಾಸಿಕೌಡಾ ಎಂದು ಕರೆಯುತ್ತಾರೆ. ಮೊದಲ ಪದಕ್ಕೆ ಗ್ರೀಕ್ ಭಾಷೆಯಲ್ಲಿ ನರಹಂತಕ ಎಂದರ್ಥ, ಎರಡನೆಯದಕ್ಕೆ ಲ್ಯಾಟಿನ್‌ನಲ್ಲಿ ದಪ್ಪ ಬಾಲದ್ದು ಎಂದರ್ಥ. ಹೆಸರಿಟ್ಟವರು ಸುಮ್ಮನೆ ಇಟ್ಟಿಲ್ಲ. ಟರ್ಕಿಯಿಂದ ಇರಾನ್, ಇರಾಕ್, ಅರೇಬಿಯಾದವರೆಗೂ ಇದರ ರಾಜ್ಯ ಹರಡಿದೆ. ಮನುಷ್ಯವಾಸದ ಹತ್ತಿರ, ಹಾಳುಗೋಡೆ, ಕಸದ ರಾಶಿ, ಇಟ್ಟಿಗೆಯ ಅಡ್ಡೆಗಳಲ್ಲೂ ಇರಲು ಹಿಂಜರಿಯದು.

ಹಾಗಾದರೆ ಬಣ್ಣವನ್ನು ಬಿಟ್ಟು ಗುರುತು ಹಿಡಿಯುವುದು ಹೇಗೆ? ಒಂದು ಸುಲಭ ಸೂತ್ರವಿದೆ. ಕೈಬಲ ಇರುವ ಚೇಳಿಗೆ ಬಾಲದ ಬಲ ಕಡಿಮೆ. ನಮ್ಮ ಮಲೆನಾಡಿನ ದೊಡ್ಡ ಕರಿಚೇಳಿನ ಇಕ್ಕುಳಗಳನ್ನು ನೆನಪಿಸಿಕೊಳ್ಳಿ, ಏಡಿಯ ಹಾಗೆ ದಪ್ಪ; ಬಾಲ ಮಾತ್ರ ಸಪೂರ. ಅದು ಬೇಟೆಯನ್ನು ಹಿಸುಕಿಯೇ ಕೊಲ್ಲಬಲ್ಲದು. ಕುವೈತಿನ ಕರಿಚೇಳಿಗೂ ನಮ್ಮ ಕೆಂಪು ಚೇಳಿಗೂ ಇಕ್ಕುಳಗಳು ತೆಳ್ಳಗೆ, ಬಾಲ ದಪ್ಪ. ಇವು ನೆಚ್ಚಿಕೊಂಡಿರುವುದು ವಿಷವನ್ನೇ. ಜಗತ್ತಿನಲ್ಲಿರುವ ಎರಡೂವರೆ ಸಾವಿರಕ್ಕೂ ಹೆಚ್ಚು ಜಾತಿಯ ಚೇಳುಗಳಲ್ಲಿ ಮನುಷ್ಯರ ಜೀವಕ್ಕೆ ಎರವಾಗಬಲ್ಲವು ಕೆಲವೇ ಡಜನ್ನು. ಅವುಗಳಲ್ಲಿ ಹೆಚ್ಚಿನವು ಈ ದಪ್ಪ ಬಾಲದ ಬಳಗದವು. ಆದರೂ ಕತ್ತಲಲ್ಲಿ ಕುಟುಕಿದ ಚೇಳಿನ ಬಾಲವನ್ನು ಅಳೆಯುತ್ತ ಕೂರಲಾದೀತೇ? ಆದ್ದರಿಂದ ಚೇಳನ್ನು ನೋಡುವುದಕ್ಕಿಂತ ಕುಟುಕಿಸಿಕೊಂಡವರನ್ನು ನೋಡುವುದು ಮುಖ್ಯ.

ವಿಷ ಮಾಡುವ ಕೆಲಸ

ಚೇಳು ಚುಚ್ಚುವ ವಿಷದ ಪ್ರಮಾಣ ಅತ್ಯಲ್ಪ. ಇಷ್ಟು ವಿಷ ಆಳನ್ನು ಕೆಡವುವುದು ಹೇಗೆ? ನಮ್ಮ ನರಗಳು ಸಂದೇಶ ಸಾಗಿಸುವುದು ವಿದ್ಯುತ್ತಿನ ಪುಟ್ಟ ಅಲೆಗಳಾಗಿ. ನರದ ಪೊರೆಯಲ್ಲಿ ಸೋಡಿಯಂ ಕಣಗಳು ಒಳನುಗ್ಗಲು ಸಣ್ಣ ಬಾಗಿಲುಗಳಿವೆ. ಬಾಗಿಲು ತೆರೆದರೆ ಸಂದೇಶ ಹೊರಡುತ್ತದೆ, ಕಣ್ಣು ಮಿಟುಕಿಸುವುದರೊಳಗೆ ಮುಚ್ಚಿಕೊಂಡರೆ ನರ ಸುಮ್ಮನಾಗುತ್ತದೆ. ಚೇಳಿನ ವಿಷ ಈ ಬಾಗಿಲನ್ನು ಮುಚ್ಚಲು ಬಿಡುವುದಿಲ್ಲ. ಮನೆಯ ಕರೆಗಂಟೆಯ ಗುಂಡಿ ಒಳಗೇ ಸಿಕ್ಕಿಕೊಂಡು ಗಂಟೆ ಬಾರಿಸುತ್ತಲೇ ಇದ್ದರೆ ಹೇಗಿರುತ್ತದೆ, ಹಾಗೆ. ನರಗಳು ನಿಲ್ಲದೆ ಕೂಗತೊಡಗುತ್ತವೆ. ಕುಟುಕಿದ ಜಾಗದಲ್ಲಿ ಅದು ಉರಿಯುವ ನೋವಾಗಿ ತಿಳಿಯುತ್ತದೆ. ವಿಷ ರಕ್ತಕ್ಕೆ ಸೇರಿದರೆ ಹೃದಯ, ರಕ್ತನಾಳ, ಕರುಳು, ಬೆವರಿನ ಗ್ರಂಥಿಗಳನ್ನು ನಮಗೆ ತಿಳಿಯದಂತೆಯೇ ನಡೆಸುವ ನರಮಂಡಲವೂ ಕೂಗತೊಡಗುತ್ತದೆ.

ಈ ನರಮಂಡಲಕ್ಕೆ ಎರಡು ಅಂಗಗಳಿವೆ. ಒಂದು ಶರೀರವನ್ನು ತಣ್ಣಗಾಗಿಸುವುದು, ಇನ್ನೊಂದು ಹೋರಾಟಕ್ಕೆ ಅಣಿಗೊಳಿಸುವುದು. ಗಂಭೀರ ಪ್ರಕರಣಗಳಲ್ಲಿ ಸಾಮಾನ್ಯವಾಗಿ ಮೊದಲನೆಯದರ ಅಬ್ಬರ ಮೊದಲು ಕಾಣುತ್ತದೆ: ವಾಂತಿ, ಬಟ್ಟೆ ತೊಯ್ಯುವಷ್ಟು ಬೆವರು, ಬಾಯಲ್ಲಿ ಜೊಲ್ಲು, ನಿಧಾನವಾಗುವ ನಾಡಿ. ಗಂಡುಮಕ್ಕಳಲ್ಲಿ ಜನನಾಂಗ ನಿಮಿರಿ ನಿಲ್ಲುವುದೂ ಒಂದು ಸ್ಪಷ್ಟ ಗುರುತು. ನಾಚಿಕೆಯಿಂದ ಇದನ್ನು ಯಾರೂ ಹೇಳುವುದಿಲ್ಲ, ಆದರೆ ವೈದ್ಯರಿಗೆ ಇದು ಬಹು ಮುಖ್ಯ ಮಾಹಿತಿ. ಆಮೇಲೆ ಎರಡನೆಯ ಅಂಗದ ಸರದಿ. ಅಡ್ರಿನಲಿನ್ ಮತ್ತು ಅದರ ಬಂಧುಗಳು ರಕ್ತಕ್ಕೆ ಧುಮ್ಮಿಕ್ಕುತ್ತವೆ. ರಕ್ತನಾಳಗಳು ಬಿಗಿದುಕೊಳ್ಳುತ್ತವೆ, ಅಂಗೈ ಅಂಗಾಲು ಮಂಜಿನಂತೆ ತಣ್ಣಗಾಗುತ್ತವೆ, ನಾಡಿ ಓಡುತ್ತದೆ, ರಕ್ತದೊತ್ತಡ ಏರುತ್ತದೆ.

ಈಗ ಹೃದಯದ ಪಾಡು ನೋಡಿ. ಹೊರಗಿನ ಕೊಳವೆಗಳೆಲ್ಲ ಬಿಗಿದಿರುವಾಗ ಪಂಪು ಪೂರ್ಣ ವೇಗದಲ್ಲಿ ಓಡುತ್ತಿದೆ. ವಿಷದ ಅಬ್ಬರಕ್ಕೆ ಹೃದಯದ ಸ್ನಾಯುವೂ ಪೆಟ್ಟು ತಿಂದಿರುತ್ತದೆ. ಸ್ವಲ್ಪ ಹೊತ್ತಿಗೆ ಅದು ಸೋಲುತ್ತದೆ. ಮುಂದೆ ಹೋಗಲಾರದ ರಕ್ತ ಹಿಂದಕ್ಕೆ ನಿಂತು, ಶ್ವಾಸಕೋಶದೊಳಗೆ ನೀರು ಒಸರತೊಡಗುತ್ತದೆ. ಕೆಮ್ಮು, ಏದುಸಿರು, ಮಲಗಲಾರದ ಸಂಕಟ, ಬಾಯಲ್ಲಿ ಗುಲಾಬಿ ಬಣ್ಣದ ನೊರೆ. ಕೊನೆಗೆ ರಕ್ತದೊತ್ತಡ ಕುಸಿಯುತ್ತದೆ. ಚೇಳಿನಿಂದ ಸತ್ತವರಲ್ಲಿ ಹೆಚ್ಚಿನವರು ಸಾಯುವುದು ನೋವಿನಿಂದಲ್ಲ, ಹೀಗೆ ಹೃದಯ ಸೋತು, ಒಣ ನೆಲದ ಮೇಲೆ ತಮ್ಮದೇ ನೀರಿನಲ್ಲಿ ಮುಳುಗಿ. ಇದೆಲ್ಲ ನಡೆಯುವುದು ಕೆಲವೇ ಗಂಟೆಗಳಲ್ಲಿ. ಮಕ್ಕಳ ಪುಟ್ಟ ಮೈಗೆ ಅಷ್ಟೇ ವಿಷ ಹಂಚಿಹೋಗುವುದರಿಂದ ಅವರಿಗೆ ಅಪಾಯ ಹೆಚ್ಚು.

ನೋವಿನ ಪ್ರಮಾಣಕ್ಕೂ ಅಪಾಯಕ್ಕೂ ನೇರ ಸಂಬಂಧವಿಲ್ಲ ಎಂಬುದಕ್ಕೆ ನಮ್ಮ ನೆರೆಯಲ್ಲೇ ಇನ್ನೂ ವಿಚಿತ್ರವಾದ ಉದಾಹರಣೆಯಿದೆ. ಕೊಲ್ಲಿಯ ತಲೆಯಾಚೆ ಇರಾನಿನ ಖುಜೆಸ್ತಾನದಲ್ಲಿ ಗಾದಿಮ್ ಎಂದು ಕರೆಯುವ ಚೇಳೊಂದಿದೆ. ಅದು ಕುಟುಕಿದಾಗ ಹೆಚ್ಚಿನವರಿಗೆ ನೋವೇ ಅಷ್ಟಾಗಿ ತಿಳಿಯದು. ಅದರ ವಿಷ ಕೆಲಸ ಮಾಡುವುದು ನರಗಳ ಮೇಲಲ್ಲ, ರಕ್ತಕಣಗಳ ಮೇಲೆ. ಒಂದೆರಡು ದಿನ ಕಳೆದ ಮೇಲೆ ಮೂತ್ರ ಕೆಂಪಾಗಿ, ಕುಟುಕಿದ ಜಾಗ ಕೊಳೆತು, ಮೂತ್ರಪಿಂಡ ಕೈಕೊಡಬಹುದು.

ಬಿರವಾಡಿಯ ವೈದ್ಯ

ಈ ವಿಷದ ಗುಟ್ಟು ಒಡೆದು ಮದ್ದು ಕಂಡುಕೊಂಡ ಕಥೆಯ ಒಂದು ದೊಡ್ಡ ಭಾಗ ನಡೆದದ್ದು ನಮ್ಮ ನೆರೆಮನೆಯಲ್ಲೇ. ಮುಂಬಯಿಯಿಂದ ಗೋವಾದ ಹೆದ್ದಾರಿಯಲ್ಲಿ ಊರಿಗೆ ಬಸ್ಸಿನಲ್ಲಿ ಹೋದವರಿಗೆ ರಾಯಗಡ ಜಿಲ್ಲೆಯ ಮಹಾಡ್ ಗೊತ್ತಿರುತ್ತದೆ. 1927ರಲ್ಲಿ ಅಂಬೇಡ್ಕರರು ಚವದಾರ ಕೆರೆಯ ನೀರಿಗಾಗಿ ಸತ್ಯಾಗ್ರಹ ಮಾಡಿದ ಊರು ಅದೇ. ಮಹಾಡ್ ಬಳಿಯ ಬಿರವಾಡಿ ಎಂಬ ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 1976ರಲ್ಲಿ ಹಿಮ್ಮತ್‌ರಾವ್ ಬಾವಸ್ಕರ್ ಎಂಬ ತರುಣ ವೈದ್ಯರು ಬಂದರು. ಮರಾಠವಾಡದ ಬಡ ರೈತ ಕುಟುಂಬದಿಂದ ಬಂದವರು. ಕೊಂಕಣದ ಕೆಂಪು ಚೇಳು ಕುಟುಕಿದ ರೈತರು, ಮಕ್ಕಳು ಅವರ ಕಣ್ಣೆದುರೇ ಶ್ವಾಸಕೋಶದಲ್ಲಿ ನೀರು ತುಂಬಿ ಸಾಯುತ್ತಿದ್ದರು. ಚೇಳು ಕುಟುಕಿದವರ ಶ್ವಾಸಕೋಶದಲ್ಲಿ ನೀರು ತುಂಬುವುದನ್ನು 1961ರಲ್ಲೇ ಮುಂಡ್ಲೆ ಎಂಬ ವೈದ್ಯರು ಬ್ರಿಟಿಷ್ ಮೆಡಿಕಲ್ ಜರ್ನಲ್‌ಗೆ ಬರೆದು ತಿಳಿಸಿದ್ದರು. ಆದರೆ ಮದ್ದು ಗೊತ್ತಿರಲಿಲ್ಲ.

ಬಾವಸ್ಕರರು ರೋಗಿಯ ಹಾಸಿಗೆಯ ಪಕ್ಕದಲ್ಲೇ ಕುಳಿತು ಗಂಟೆಗಂಟೆಗೂ ಏನಾಗುತ್ತದೆ ಎಂದು ಬರೆದಿಟ್ಟರು. ವಾಂತಿ, ಬೆವರು, ತಣ್ಣನೆಯ ಕೈಕಾಲು ಮುಂಬರುವ ಆಪತ್ತಿನ ಮುನ್ಸೂಚನೆಗಳೆಂದು 1982ರಲ್ಲಿ ಲ್ಯಾನ್ಸೆಟ್ ಪತ್ರಿಕೆಗೆ ಬರೆದರು. ರಕ್ತನಾಳಗಳು ಬಿಗಿದದ್ದೇ ಮೂಲ ತೊಂದರೆಯಾದರೆ ಅವನ್ನು ಸಡಿಲಿಸಿದರಾಯಿತಲ್ಲ? ರಕ್ತದೊತ್ತಡದ ರೋಗಿಗಳಿಗೆ ಕೊಡುತ್ತಿದ್ದ ಪ್ರಾಜೋಸಿನ್ ಎಂಬ ಅಗ್ಗದ ಮಾತ್ರೆ ಅಡ್ರಿನಲಿನ್ ವರ್ಗದ ರಾಸಾಯನಿಕಗಳು ರಕ್ತನಾಳವನ್ನು ಹಿಂಡುವ ಜಾಗಕ್ಕೇ ಬೀಗ ಹಾಕುತ್ತದೆ. ನಾಳಗಳು ತೆರೆದುಕೊಂಡರೆ ಹೃದಯದ ಹೊರೆ ಇಳಿಯುತ್ತದೆ. ಪತ್ನಿ ಡಾಕ್ಟರ್ ಪ್ರಮೋದಿನಿಯವರೊಡನೆ 1986ರಲ್ಲಿ ಲ್ಯಾನ್ಸೆಟ್‌ನಲ್ಲೇ ಅವರು ಇದನ್ನು ವರದಿ ಮಾಡಿದರು. ಗಂಭೀರವಾಗಿ ವಿಷವೇರಿದವರಲ್ಲಿ ನೂರಕ್ಕೆ 30ರಷ್ಟಿದ್ದ ಸಾವು ಈ ಮಾತ್ರೆ ಬಂದ ಮೇಲೆ ನೂರಕ್ಕೆ ಒಂದರ ಆಸುಪಾಸಿಗೆ ಇಳಿಯಿತೆಂದು ಅವರ ಬರಹಗಳು ತಿಳಿಸುತ್ತವೆ. ದೊಡ್ಡ ಪ್ರಯೋಗಾಲಯವಿಲ್ಲ, ತೀವ್ರ ನಿಗಾ ಘಟಕವಿಲ್ಲ. ಇದ್ದದ್ದು ಹಳ್ಳಿಯ ಆಸ್ಪತ್ರೆ, ಒಂದು ಮಾತ್ರೆ ಮತ್ತು ನೋಡುವ ಕಣ್ಣು. 2022ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ನೀಡಿತು.

ಇದೇ ಕೆಂಪು ಚೇಳು ಕರ್ನಾಟಕ, ಆಂಧ್ರ, ತಮಿಳುನಾಡು, ಸೌರಾಷ್ಟ್ರಗಳಲ್ಲೂ ಇದೆ. ಬೇಸಿಗೆ ರಜೆಗೆ ಊರಿಗೆ ಹೋಗಿ ಅಜ್ಜಿಯ ಮನೆಯ ಜಗುಲಿಯಲ್ಲಿ ಚಾಪೆ ಹಾಸಿ ಮಲಗುವ, ಕುವೈತಿನಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೂ ಈ ಮಾತು ಅನ್ವಯಿಸುತ್ತದೆ.

ಪ್ರತಿವಿಷದ ಮಾತು

ಹಾವಿನ ವಿಷಕ್ಕಿರುವಂತೆ ಚೇಳಿನ ವಿಷಕ್ಕೂ ಪ್ರತಿವಿಷವಿದೆ. ಅದರಿಂದ ನಿಜಕ್ಕೂ ಉಪಯೋಗವಿದೆಯೇ ಎಂದು ವೈದ್ಯರಲ್ಲೇ ಬಹುಕಾಲ ವಾದವಿತ್ತು. 2009ರಲ್ಲಿ ಪ್ರಕಟವಾದ, ಅಮೆರಿಕದ ಅರಿಜೋನಾದಲ್ಲಿ ಚೇಳು ಕುಟುಕಿ ನರಗಳು ಅಂಕೆ ತಪ್ಪಿದ್ದ 15 ಮಕ್ಕಳ ಮೇಲೆ ನಡೆದ ಅಧ್ಯಯನದಲ್ಲಿ ಪ್ರತಿವಿಷ ಪಡೆದ 8 ಮಕ್ಕಳೂ ನಾಲ್ಕು ಗಂಟೆಯೊಳಗೆ ಚೇತರಿಸಿಕೊಂಡರು. ಪಡೆಯದ 7 ಮಕ್ಕಳಲ್ಲಿ ಅಷ್ಟು ಹೊತ್ತಿಗೆ ಸರಿಹೋದದ್ದು ಒಂದೇ ಮಗು. ಬಾವಸ್ಕರರೂ 70 ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿ, 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಪ್ರಾಜೋಸಿನ್ ಜೊತೆಗೆ ಪ್ರತಿವಿಷವನ್ನೂ ಪಡೆದ 35 ಜನರಲ್ಲಿ 32 ಜನ ಹತ್ತು ಗಂಟೆಯೊಳಗೆ ಪೂರ್ತಿ ಗುಣವಾಗಿದ್ದರು. ಬರೀ ಪ್ರಾಜೋಸಿನ್ ಪಡೆದ 35 ಜನರಲ್ಲಿ 8 ಜನ. ತನ್ನದೇ ಮದ್ದಿನ ಮಿತಿಯನ್ನು ತಾನೇ ಅಳೆದು ತೋರಿಸಿದ ಆ ಹಿರಿತನಕ್ಕೆ ನಾವು ತಲೆಬಾಗಬೇಕು.

ಒಂದು ಎಚ್ಚರಿಕೆ ಇದೆ. ಪ್ರತಿವಿಷ ಆಯಾ ಸೀಮೆಯ ಚೇಳಿಗೆ ತಕ್ಕುದಾಗಿರಬೇಕು. ಮುಂಬಯಿಯ ಹಾಫ್‌ಕಿನ್ ಸಂಸ್ಥೆಯದು ನಮ್ಮ ಕೆಂಪು ಚೇಳಿಗೆ. ಸೌದಿಯ ರಿಯಾದಿನಲ್ಲಿ ತಯಾರಾಗುವುದು ಅರೇಬಿಯಾದ ಚೇಳುಗಳಿಗೆ. ಟರ್ಕಿಯವರು ಇಲ್ಲಿಯೂ ಇರುವ ಕರಿಚೇಳಿನ ವಿಷದಿಂದಲೇ ಪ್ರತಿವಿಷ ಮಾಡಿದ್ದಾರೆ. ಹಾಗಾಗಿ ಊರಿನಿಂದ ಸೂಟ್‌ಕೇಸಿನಲ್ಲಿ ಮದ್ದು ತಂದಿಟ್ಟುಕೊಂಡರೆ ಪ್ರಯೋಜನವಿಲ್ಲ. ಪ್ರಾಜೋಸಿನ್ ಕೂಡ ಮನೆಮದ್ದಲ್ಲ. ಮೊದಲ ಮಾತ್ರೆಗೇ ರಕ್ತದೊತ್ತಡ ಥಟ್ಟನೆ ಇಳಿದು ಎದ್ದು ನಿಂತವರು ಬೀಳಬಹುದು. ವೈದ್ಯರ ಕಣ್ಣೆದುರು, ಮಲಗಿಸಿ, ತೂಕ ನೋಡಿ ಕೊಡಬೇಕಾದ ಮದ್ದು ಅದು.

ಮಂತ್ರ ಏಕೆ ಫಲಿಸುತ್ತದೆ?

ಊರಿನಲ್ಲಿ ಚೇಳಿಗೆ ಮಂತ್ರ ಹಾಕುವವರು ಹಲವರಿದ್ದರು. ಬಹುಪಾಲು ಜನರಿಗೆ ಗುಣವೂ ಆಗುತ್ತಿತ್ತು. ಇದರಲ್ಲಿ ಮೋಸ ಹುಡುಕಬೇಕಾಗಿಲ್ಲ. ಚೇಳು ಕುಟುಕಿದವರಲ್ಲಿ ಹೆಚ್ಚಿನವರಿಗೆ ನೋವಲ್ಲದೆ ಬೇರೇನೂ ಆಗುವುದಿಲ್ಲ. ಆ ನೋವು ಕೆಲವು ಗಂಟೆಗಳಲ್ಲಿ, ಹೆಚ್ಚೆಂದರೆ ಒಂದೆರಡು ದಿನಗಳಲ್ಲಿ ತಾನಾಗಿ ಇಳಿಯುತ್ತದೆ. ಮಂತ್ರ ಹಾಕಿದರೂ ಇಳಿಯುತ್ತದೆ, ಹಾಕದಿದ್ದರೂ ಇಳಿಯುತ್ತದೆ. ಪಕ್ಕದಲ್ಲಿ ಒಬ್ಬರು ಕುಳಿತು ಧೈರ್ಯ ಹೇಳಿದರೆ ನೋವು ಸಹನೀಯವಾಗುವುದೂ ಸುಳ್ಳಲ್ಲ. ಕಂದಕೂರಿನ ಭಂಡಾರಕ್ಕೂ ಕೋಲಾರದ ಚೇಳಮ್ಮನಿಗೂ ನಾವು ಕೈಮುಗಿಯೋಣ. ಆದರೆ ಆ ನೂರರಲ್ಲಿ ಕೆಲವರು ಬೇರೆ ಹಾದಿ ಹಿಡಿಯುತ್ತಾರೆ. ಬೆವರುತ್ತಾರೆ, ವಾಂತಿ ಮಾಡುತ್ತಾರೆ, ತಣ್ಣಗಾಗುತ್ತಾರೆ. ಅವರ ಪಾಲಿಗೆ ಮಂತ್ರ ಮಾಡುವ ಹಾನಿ ಒಂದೇ: ಅದು ಹೊತ್ತು ಕಳೆಯುತ್ತದೆ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 12 ಲಕ್ಷ ಜನರಿಗೆ ಚೇಳು ಕುಟುಕುತ್ತದೆ, 3,250ಕ್ಕೂ ಹೆಚ್ಚು ಜನ ಸಾಯುತ್ತಾರೆ ಎಂದು 2008ರ ಒಂದು ಸಮೀಕ್ಷಾ ಲೇಖನ ಅಂದಾಜು ಮಾಡಿತ್ತು. ಅಂದರೆ ಸಾವಿರಕ್ಕೆ ಮೂವರು. ಆ ಮೂವರು ಯಾರೆಂದು ಮೊದಲ ಗಂಟೆಯಲ್ಲಿ ಹೇಳಬಲ್ಲ ಮಂತ್ರವಾದಿ ಇಲ್ಲ. ಬೆವರನ್ನೂ ವಾಂತಿಯನ್ನೂ ಗಮನಿಸುವ ಮನೆಯವರು ಮಾತ್ರ ಹೇಳಬಲ್ಲರು.

ಏನು ಮಾಡೋಣ?

ಕುಟುಕಿಸಿಕೊಂಡವರನ್ನು ಕೂರಿಸಿ, ಸಮಾಧಾನ ಹೇಳಿ. ಉಂಗುರ, ಬಳೆ, ಗಡಿಯಾರ ತೆಗೆಯಿರಿ. ಜಾಗವನ್ನು ಸೋಪು ನೀರಿನಿಂದ ತೊಳೆದು, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಡಿ. ಹಗ್ಗ ಬಿಗಿಯಬೇಡಿ, ಬ್ಲೇಡಿನಿಂದ ಕೊಯ್ಯಬೇಡಿ, ಬಾಯಲ್ಲಿ ಹೀರಬೇಡಿ, ಸೀಮೆಎಣ್ಣೆ, ಸುಣ್ಣ ಯಾವುದನ್ನೂ ಹಚ್ಚಬೇಡಿ. ಮಕ್ಕಳು, ವಯಸ್ಸಾದವರು, ಹೃದ್ರೋಗವಿರುವವರು, ಬಸುರಿಯರು ಆದರೆ ಲಕ್ಷಣಕ್ಕಾಗಿ ಕಾಯದೆ ನೇರ ಆಸ್ಪತ್ರೆಗೆ ಹೊರಡಿ. ಉಳಿದವರಲ್ಲಿ ವಾಂತಿ, ಅತಿಯಾದ ಬೆವರು, ಜೊಲ್ಲು, ತಣ್ಣನೆಯ ಕೈಕಾಲು, ಎದೆಬಡಿತ, ಕೆಮ್ಮು, ಏದುಸಿರು, ಮಂಕು ಇವುಗಳಲ್ಲಿ ಯಾವುದು ಕಂಡರೂ ಒಂದು ನಿಮಿಷವೂ ತಡ ಬೇಡ. ಕುವೈತಿನ ತುರ್ತು ಸಂಖ್ಯೆ 112. ಮರುಭೂಮಿಯೊಳಗೆ ಇದ್ದರೆ ಆಂಬುಲೆನ್ಸ್ ಕಾಯುವುದಕ್ಕಿಂತ ಹೆದ್ದಾರಿಯವರೆಗೆ ನಿಮ್ಮ ವಾಹನದಲ್ಲೇ ಬರುವುದು ಒಳ್ಳೆಯದೇ ಎಂದು ಅವರನ್ನೇ ಕೇಳಿ. ಕುಟುಕಿದ ಹೊತ್ತನ್ನು ಗುರುತಿಟ್ಟುಕೊಳ್ಳಿ, ವೈದ್ಯರು ಮೊದಲು ಕೇಳುವುದು ಅದನ್ನೇ. ನೋವು ಇಳಿದಿದೆ ಎಂದು ಆಸ್ಪತ್ರೆಯಿಂದ ಬೇಗ ಎದ್ದು ಬರಬೇಡಿ, ಅವರು ಹೇಳಿದಷ್ಟು ಗಂಟೆ ಅಲ್ಲೇ ಇರಿ.

ಭಾಷೆಯ ಅಳುಕು ಬೇಡ. ಅರಬಿಯಲ್ಲಿ ಚೇಳಿಗೆ ಅಕ್ರಬ್ ಎನ್ನುತ್ತಾರೆ, ಆ ಒಂದು ಪದ ಸಾಕು. ಕೇರಳದ ನರ್ಸಮ್ಮ ಎದುರಾದರೆ ತೇಳ್ ಎನ್ನಿ. ನಮ್ಮ ತುಳುವರಿಗೆ ಅದು ಹೇಳಿಕೊಡಬೇಕಾಗಿಲ್ಲ, ಅವರ ಮನೆಯ ಮಾತೂ ಅದೇ. ಕೊಂಕಣಿಯವರ ವಿಂಚು, ಹಿಂದಿಯ ಬಿಚ್ಚೂ ಕೂಡ ಇಲ್ಲಿ ನಡೆಯುವ ನಾಣ್ಯಗಳೇ.

ಬಾರದಂತೆ ತಡೆಯುವುದೂ ಸುಲಭ. ಡೇರೆಯಲ್ಲಿ ನೆಲದ ಮೇಲೆ ಬಿಟ್ಟ ಬೂಟು, ಬಟ್ಟೆ, ಹಾಸಿಗೆಗಳನ್ನು ಕೊಡವಿ ಬಳಸಿ. ಸೌದೆ, ಕಲ್ಲು, ಇಟ್ಟಿಗೆ ಎತ್ತುವಾಗ ದಪ್ಪ ಕೈಗವಸು ಇರಲಿ. ಕತ್ತಲಾದ ಮೇಲೆ ಬರಿಗಾಲು ಬೇಡ. ನೇರಳಾತೀತ ಬೆಳಕಿನ ಸಣ್ಣ ಟಾರ್ಚ್ ಒಂದಿದ್ದರೆ ಇನ್ನೂ ಒಳ್ಳೆಯದು. ಆ ಬೆಳಕಿಗೆ ಚೇಳಿನ ಮೈ ಹಸಿರು ನೀಲಿಯಾಗಿ ಹೊಳೆಯುತ್ತದೆ. ಮಕ್ಕಳಿಗಂತೂ ಆ ನೋಟವೇ ಒಂದು ಹಬ್ಬ, ದೂರದಿಂದ ನೋಡಿದರೆ!

ಕೊನೆಯದಾಗಿ ಒಂದು ವಿನಂತಿ. ಈ ಪತ್ರವನ್ನು ಓದುವವರು ಬಹುಪಾಲು ಪೇಟೆಯಲ್ಲಿರುವವರು. ಚೇಳಿನೊಡನೆ ನಿಜವಾಗಿ ಬದುಕುತ್ತಿರುವವರು ವಫ್ರಾದ ತೋಟದ ಕೆಲಸದವರು, ಅಬ್ದಲಿಯ ಹಸಿರುಮನೆಗಳ ಹುಡುಗರು, ಹಟ್ಟಿ ಕಾಯುವವರು, ಕಟ್ಟಡದ ಕೆಲಸದವರು. ಅವರಲ್ಲಿ ಎಷ್ಟೋ ಜನ ಈ ಪತ್ರ ತೆರೆಯುವ ಸ್ಥಿತಿಯಲ್ಲಿಲ್ಲ. ಕುಟುಕಿದರೆ ಒಂದು ನೋವಿನ ಮಾತ್ರೆ ನುಂಗಿ, ಬೆಳಗಾಗಲಿ ಎಂದು ಮಲಗುವುದೇ ಅವರ ರೂಢಿಯಾಗಿರಬಹುದು. ತರಕಾರಿ ತರಲು ತೋಟದ ಕಡೆ ಹೋದಾಗ, ಊರಿನ ಹುಡುಗನೊಬ್ಬ ಸಿಕ್ಕಾಗ, ಕಷ್ಟಸುಖ ವಿಚಾರಿಸುವಾಗ ಇಷ್ಟು ಹೇಳಿ: ಇಲ್ಲಿ ಕರಿಚೇಳೇ ಕೆಟ್ಟದ್ದು, ಕುಟುಕಿದ ಬೆರಳನ್ನು ನೋಡುತ್ತ ಕೂರಬೇಡ, ಬೆವರು ಬಂದರೆ, ವಾಂತಿಯಾದರೆ, ಕೈ ತಣ್ಣಗಾದರೆ ರಾತ್ರಿಯೇ ಆಸ್ಪತ್ರೆಗೆ ಹೋಗು, 112ಕ್ಕೆ ಕರೆ ಮಾಡು. ಹೇಳಲು ಅರ್ಧ ನಿಮಿಷ ಬೇಕು, ಅಷ್ಟೆ.